ಖಗೋಳವಿಜ್ಞಾನದಲ್ಲಿ ಸಂಶೋಧನೆಯ ಕೆಲಸ: ಹುಡುಕಾಟ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತೆ. ಖಗೋಳವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆಯಿದೆ, ಆದರೆ ನಮ್ಮ ವಿಭಾಗದಲ್ಲಿ ಆ ವಿಷಯದವರು ಯಾರೂ ಇಲ್ಲ. ‘ಅದನ್ನು ಓದಿದರೆ ಕೆಲಸ ಎಲ್ಲಿದೆ? ಬಿ.ಎಡ್. ಮಾಡು’ ಎಂದು ಅಪ್ಪ ಹೇಳುತ್ತಾರೆ. ಈ ಕ್ಷೇತ್ರದಲ್ಲಿ ಕೆಲಸ ಹುಡುಕುವುದು ಹೇಗೆ? ಈಗಿನಿಂದಲೇ ಮಾಡಬೇಕಾದದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ತಂದೆಯವರು ಕೇಳಿದ್ದು ತಳ್ಳಿಹಾಕುವ ಪ್ರಶ್ನೆಯಲ್ಲ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಖಗೋಳವಿಜ್ಞಾನಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಸಂಸ್ಥೆಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಬೆಂಗಳೂರಿನಲ್ಲಿ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಹೆಸರಘಟ್ಟದ ಕಡೆಯ ಐಸಿಟಿಎಸ್, ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ಇವೆ. ಹೊರಗೆ ಪುಣೆಯ ಐಯುಕಾ ಮತ್ತು ಎನ್‌ಸಿಆರ್‌ಎ, ಮುಂಬೈಯ ಟಿಐಎಫ್‌ಆರ್, ಅಹಮದಾಬಾದಿನ ಪಿಆರ್‌ಎಲ್, ನೈನಿತಾಲಿನ ಏರೀಸ್, ಮತ್ತು ಕೆಲವು ಐಐಟಿ, ಐಸರ್‌ಗಳು. ಕಾಯಂ ಹುದ್ದೆಗಳ ಬಹುಪಾಲು ಇಷ್ಟರೊಳಗೇ ಇದೆ. ಎಂ.ಎಸ್ಸಿ. ಆದ ಮೇಲೆ ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುತ್ತದೆ. ಅದರ ನಂತರ ಎರಡು ಮೂರು ವರ್ಷಗಳ ತಾತ್ಕಾಲಿಕ ಸಂಶೋಧನೆಯ ಪೋಸ್ಟ್‌ಡಾಕ್ ಹುದ್ದೆಗಳು ಒಂದೋ ಎರಡೋ, ಹೆಚ್ಚಾಗಿ ಹೊರದೇಶದಲ್ಲಿ. ಕಾಯಂ ಕೆಲಸ ಸಿಕ್ಕಿದರೆ ಅದು ಮೂವತ್ತೈದರ ಆಸುಪಾಸಿನಲ್ಲಿ. ಪಿಎಚ್‌ಡಿ ಮುಗಿಸಿದ ಎಲ್ಲರಿಗೂ ಅದು ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ಯಾರಾದರೂ ನಿಮ್ಮನ್ನು ಹುರಿದುಂಬಿಸಿದರೆ ಅದರಿಂದ ನಿಮಗೆ ಉಪಕಾರವಾಗುವುದಿಲ್ಲ.

ಆದರೆ ತಂದೆಯವರಿಗೆ ತಿಳಿಯಬೇಕಾದ ಇನ್ನೊಂದು ಮಾತಿದೆ. ಈ ವರ್ಷಗಳು ಮನೆಯಿಂದ ಹಣ ತರಿಸಿಕೊಂಡು ಓದುವ ವರ್ಷಗಳಲ್ಲ. ಕಿರಿಯ ಸಂಶೋಧಕರಿಗೆ ಕೊಡುವ ಜೆಆರ್‌ಎಫ್ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ; ಎರಡು ವರ್ಷದ ನಂತರ ಅದು 42,000 ಆಗುತ್ತದೆ; ವಸತಿ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಮನೆಗೆ ಒಂದಿಷ್ಟು ಹಣ ಕಳಿಸುತ್ತಲೇ ಪಿಎಚ್‌ಡಿ ಮುಗಿಸಿದ ವಿದ್ಯಾರ್ಥಿಗಳು ನನಗೆ ಗೊತ್ತು. ಬಿ.ಎಡ್. ಬಾಗಿಲಾದರೂ ಐದು ವರ್ಷದಲ್ಲಿ ಮುಚ್ಚಿಹೋಗುವಂಥದ್ದಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೆಲಸದ ಹುಡುಕಾಟವೆಂದರೆ ಪಿಎಚ್‌ಡಿ ಪ್ರಬಂಧ ಸಲ್ಲಿಸಿದ ಮೇಲೆ ಜಾಹೀರಾತು ನೋಡಿ ಅರ್ಜಿ ಹಾಕುವುದು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಮೂವತ್ತು ವರ್ಷಗಳ ಅನುಭವದಿಂದ ನಾನು ಕಂಡುಕೊಂಡದ್ದು ಬೇರೆ: ಯಾವ ಸಮಸ್ಯೆಯ ಮೇಲೆ, ಯಾರ ಬಳಿ, ಯಾವ ಉಪಕರಣ ಅಥವಾ ಯಾವ ಬಗೆಯ ದತ್ತಾಂಶ ಹಿಡಿದು ಕೆಲಸ ಮಾಡುತ್ತೇನೆಂದು ತೀರ್ಮಾನಿಸುವ ದಿನವೇ ಆ ಹುಡುಕಾಟ ಅರ್ಧ ಮುಗಿದಿರುತ್ತದೆ. ಆ ತೀರ್ಮಾನವನ್ನು ಹೆಚ್ಚಿನ ವಿದ್ಯಾರ್ಥಿಗಳು ಪ್ರವೇಶ ಸಿಕ್ಕ ಸಂತೋಷದಲ್ಲಿ, ವಿಚಾರಿಸದೆಯೇ ಮಾಡಿಬಿಡುತ್ತಾರೆ.

ಪ್ರವೇಶದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಆ ವಿವರಗಳು ಎಲ್ಲೆಡೆ ಸಿಗುತ್ತವೆ. ಜೆಸ್ಟ್, ಗೇಟ್, ಸಿಎಸ್‌ಐಆರ್-ನೆಟ್ ಮತ್ತು ಟಿಐಎಫ್‌ಆರ್‌ನ ಪ್ರವೇಶ ಪರೀಕ್ಷೆ, ಇವುಗಳಲ್ಲಿ ಯಾವುದನ್ನು ಯಾವ ಸಂಸ್ಥೆ ಒಪ್ಪುತ್ತದೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ, ಸಾಧ್ಯವಾದಷ್ಟನ್ನು ಬರೆಯಿರಿ. ಇವೆಲ್ಲ ಭೌತವಿಜ್ಞಾನದ ಪರೀಕ್ಷೆಗಳೇ, ಆದ್ದರಿಂದ ನಿಮ್ಮ ವಿಭಾಗದಲ್ಲಿ ಖಗೋಳವಿಜ್ಞಾನ ಕಲಿಸುವುದಿಲ್ಲವೆಂಬುದು ಕೊರತೆಯಲ್ಲ. ವಿದ್ಯುತ್ಕಾಂತತೆ, ಕ್ವಾಂಟಮ್ ಯಂತ್ರಶಾಸ್ತ್ರ, ಉಷ್ಣಗತಿಶಾಸ್ತ್ರ ಗಟ್ಟಿಯಾಗಿದ್ದರೆ ಸಾಕು.

ಪರೀಕ್ಷೆ ನಿಮ್ಮನ್ನು ಸಂದರ್ಶನದ ಬಾಗಿಲಿಗೆ ತಂದು ನಿಲ್ಲಿಸುತ್ತದೆ, ಆಯ್ಕೆ ನಡೆಯುವುದು ಒಳಗೆ. ಒಂದು ಉದಾಹರಣೆ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಸಂದರ್ಶನವೊಂದರಲ್ಲಿ ನಾವು ಒಂದು ಮಸುಕಾದ ನಕ್ಷತ್ರದ ರೋಹಿತವನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೆಗೆದ ನಕ್ಷೆಯನ್ನು), ಆಕಾಶದ ಹಿನ್ನೆಲೆ ಬೆಳಕನ್ನು ಕಳೆಯದೆ ಹಾಗೆಯೇ ಅಭ್ಯರ್ಥಿಗಳ ಮುಂದಿಟ್ಟು, 5577 ಆಂಗ್‌ಸ್ಟ್ರಾಮ್ ತರಂಗಾಂತರದ ಬಳಿ ಎದ್ದು ಕಾಣುವ ಚೂಪಾದ ಗೆರೆ ಏನಿರಬಹುದೆಂದು ಕೇಳುತ್ತಿದ್ದೆವು. ಹಲವರು ನೆನಪಿನಲ್ಲಿದ್ದ ಧಾತುಗಳ ಹೆಸರನ್ನು ಒಂದಾದ ಮೇಲೊಂದು ಹೇಳಿದರು. ಒಬ್ಬ ವಿದ್ಯಾರ್ಥಿನಿ ಮಾತ್ರ ಒಂದು ನಿಮಿಷ ಸುಮ್ಮನಿದ್ದು, ‘ಸರ್, ಅದೇ ರಾತ್ರಿ ತೆಗೆದ ಬೇರೆ ನಕ್ಷತ್ರದ ರೋಹಿತ ಇದೆಯೇ?’ ಎಂದು ಕೇಳಿದಳು. ಕೊಟ್ಟೆವು. ಗೆರೆ ಅದರಲ್ಲಿಯೂ ಅಲ್ಲೇ, ಅಷ್ಟೇ ಚೂಪಾಗಿತ್ತು. ‘ಹಾಗಾದರೆ ಇದು ನಕ್ಷತ್ರದ್ದಲ್ಲ, ನಮ್ಮ ಆಕಾಶದ್ದು’ ಎಂದಳು. ಅದು ವಾತಾವರಣದ ಮೇಲಿನ ಪದರದಲ್ಲಿರುವ ಆಮ್ಲಜನಕದ ಪರಮಾಣುಗಳು ರಾತ್ರಿ ಹೊಮ್ಮಿಸುವ ಹಸಿರು ಬೆಳಕು. ಆಕೆಗೆ ಆ ಹೆಸರು ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ನಾವೂ ಬಯಸಿರಲಿಲ್ಲ. ಆಕೆಯ ಇಂಗ್ಲಿಷ್ ತಡವರಿಸುತ್ತಿತ್ತು ಎಂಬುದನ್ನು ನಿಮಗಾಗಿಯೇ ಇಲ್ಲಿ ಹೇಳುತ್ತಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದವರು ಸಂದರ್ಶನದಲ್ಲಿ ಮಾತಿಗಾಗಿ ಒದ್ದಾಡುವ ಬದಲು ‘ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತೇನೆ’ ಎಂದು ಎದ್ದು ನಿಲ್ಲಬೇಕು. ಆಮೇಲೆ ಸಮೀಕರಣ ಮಾತಾಡುತ್ತದೆ. ಬರವಣಿಗೆಯ ಇಂಗ್ಲಿಷ್ ಮಾತ್ರ ಬೇಕೇ ಬೇಕು, ಅದನ್ನು ಈಗಲೇ ಹಿಡಿಯಿರಿ. ದಿನಕ್ಕೆ ಒಂದು ಸಂಶೋಧನಾ ಪ್ರಬಂಧದ ಸಾರಾಂಶವನ್ನು, ಪ್ರಬಂಧಗಳು ಉಚಿತವಾಗಿ ಸಿಗುವ ಜಾಲತಾಣವಾದ ಆರ್‌ಕೈವ್‌ನಲ್ಲಿ ಓದಿ, ಮುಚ್ಚಿಟ್ಟು, ನಿಮ್ಮದೇ ನಾಲ್ಕು ವಾಕ್ಯಗಳಲ್ಲಿ ಮತ್ತೆ ಬರೆಯಿರಿ. ಈ ಕ್ಷೇತ್ರದ ಬರಹಕ್ಕೆ ಬೇಕಾಗುವ ಪದಗಳು ನೀವು ಅಂದುಕೊಂಡಷ್ಟು ಹೆಚ್ಚಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಮಾರ್ಗದರ್ಶಕರ ಮತ್ತು ಸಮಸ್ಯೆಯ ಆಯ್ಕೆ. ಪ್ರವೇಶ ಸಿಕ್ಕ ಮೇಲೆ ಹೆಚ್ಚಿನ ಸಂಸ್ಥೆಗಳಲ್ಲಿ ಮೊದಲ ವರ್ಷ ಕೋರ್ಸುಗಳು, ಸಣ್ಣ ಪ್ರಾಜೆಕ್ಟುಗಳು ಇರುತ್ತವೆ. ಆ ವರ್ಷವನ್ನು ವಿಚಾರಿಸುವುದಕ್ಕೆ ಬಳಸಿಕೊಳ್ಳಿ. ಒಬ್ಬ ಪ್ರಾಧ್ಯಾಪಕರ ಹೆಸರಿಗಿಂತ, ಅವರ ಬಳಿ ಕಳೆದ ಹತ್ತು ವರ್ಷದಲ್ಲಿ ಪಿಎಚ್‌ಡಿ ಮುಗಿಸಿದವರು ಈಗ ಎಲ್ಲಿದ್ದಾರೆ, ಎಷ್ಟು ವರ್ಷದಲ್ಲಿ ಮುಗಿಸಿದರು, ಅವರ ಪ್ರಬಂಧಗಳಲ್ಲಿ ವಿದ್ಯಾರ್ಥಿಯ ಹೆಸರು ಮೊದಲಿದೆಯೇ ಎಂಬುದು ಹೆಚ್ಚು ಹೇಳುತ್ತದೆ. ಇದನ್ನೆಲ್ಲ ಯಾರನ್ನೂ ಕೇಳದೆ ನಾಸಾದ ಎಡಿಎಸ್ ಎಂಬ ಪ್ರಬಂಧ ಭಂಡಾರದಲ್ಲಿ ಅರ್ಧ ಗಂಟೆ ಕುಳಿತರೆ ತಿಳಿದುಕೊಳ್ಳಬಹುದು. ಆಮೇಲೆ ಈಗಿರುವ ವಿದ್ಯಾರ್ಥಿಗಳ ಜೊತೆ ಒಂದು ಲೋಟ ಕಾಫಿ ಕುಡಿಯಿರಿ. ಅವರು ಹೇಳುವುದರಷ್ಟೇ ಹೇಳಲು ಹಿಂಜರಿಯುವುದನ್ನೂ ಗಮನಿಸಿ. ನಾನು ಪೋಸ್ಟ್‌ಡಾಕ್ ಆಗಿದ್ದಾಗ ಒಂದು ಕಡೆ, ಹಿರಿಯರೊಬ್ಬರ ಕೈಕೆಳಗೆ ಪ್ರತಿಭಾವಂತ ವಿದ್ಯಾರ್ಥಿಯೊಬ್ಬ ಎಂಟು ವರ್ಷ ಕಳೆದು ಒಂದೇ ಒಂದು ಪ್ರಬಂಧದೊಂದಿಗೆ ಹೊರಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆತನ ಕರಡುಗಳು ಆ ಹಿರಿಯರ ಮೇಜಿನ ಮೇಲೆ ತಿಂಗಳುಗಟ್ಟಲೆ ಓದದೆ ಬಿದ್ದಿರುತ್ತಿದ್ದವು. ಆತ ಬೇರೆ ಕ್ಷೇತ್ರಕ್ಕೆ ಹೋದ. ಆ ನಷ್ಟ ಖಗೋಳವಿಜ್ಞಾನದ್ದು ಎಂದು ನನಗೆ ಇಂದಿಗೂ ನೋವಾಗುತ್ತದೆ.

ಸಮಸ್ಯೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ, ದತ್ತಾಂಶ ಇವತ್ತು ಕೈಯಲ್ಲಿದೆಯೇ ಎಂಬುದು. ದೊಡ್ಡ ಯೋಜನೆಗಳ ಹೆಸರು ಆಕರ್ಷಕವಾಗಿರುತ್ತದೆ, ಆದರೆ ಅವುಗಳ ಗಡಿಯಾರ ವಿದ್ಯಾರ್ಥಿಯ ಗಡಿಯಾರಕ್ಕೆ ಹೊಂದುವುದಿಲ್ಲ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಬರಲಿರುವ ಗುರುತ್ವ ಅಲೆಗಳ ವೀಕ್ಷಣಾಲಯ ಲೈಗೋ-ಇಂಡಿಯಾಕ್ಕೆ ತಾತ್ವಿಕ ಒಪ್ಪಿಗೆ ದೊರೆತದ್ದು 2016ರ ಫೆಬ್ರುವರಿಯಲ್ಲಿ, 2,600 ಕೋಟಿ ರೂಪಾಯಿಯ ಪೂರ್ಣ ಅನುಮೋದನೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಆ ಎರಡು ದಿನಾಂಕಗಳ ನಡುವೆ ಒಂದು ಇಡೀ ಪಿಎಚ್‌ಡಿ ಕಳೆದುಹೋಗುತ್ತದೆ. ಭಾರತ 2014ರಲ್ಲೇ ಪಾಲುದಾರನಾದ ಮೂವತ್ತು ಮೀಟರ್ ದೂರದರ್ಶಕ ಇನ್ನೂ ಮೇಲೆದ್ದಿಲ್ಲ. ಹಾಗೆಂದು ಇವುಗಳಿಂದ ದೂರವಿರಿ ಎನ್ನುತ್ತಿಲ್ಲ. ಈಗ ನಡೆಯುತ್ತಿರುವ ದೂರದರ್ಶಕದ ದತ್ತಾಂಶದ ಮೇಲೆ ಪ್ರಬಂಧಗಳನ್ನು ಬರೆಯುತ್ತಾ, ನಾಳೆಯ ಯೋಜನೆಗೆ ಬೇಕಾಗುವ ವಿದ್ಯೆಯನ್ನು ಕಲಿಯಬೇಕು. ಪುಣೆಯಿಂದ ಉತ್ತರಕ್ಕೆ, ಖೋಡದ್ ಬಳಿ, 45 ಮೀಟರ್ ಅಗಲದ 30 ಬಟ್ಟಲು ಆಂಟೆನಾಗಳ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ದತ್ತಾಂಶದಿಂದ ಚಿತ್ರ ಕಟ್ಟುವುದನ್ನು, ಮೊಬೈಲು ಮತ್ತು ವಿದ್ಯುತ್ ತಂತಿಗಳ ಗದ್ದಲವನ್ನು ಅದರಿಂದ ಹೆಕ್ಕಿ ತೆಗೆಯುವುದನ್ನು ಕಲಿತವರು ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯದಲ್ಲಿ ಮೇಲೇಳುತ್ತಿರುವ ಎಸ್‌ಕೆಎ ರೇಡಿಯೋ ದೂರದರ್ಶಕಕ್ಕೆ ಬೇಕಾದವರಾಗುತ್ತಾರೆ. ಭಾರತ ಆ ಯೋಜನೆಗೆ 1,250 ಕೋಟಿ ರೂಪಾಯಿ ತೆಗೆದಿಟ್ಟಿದೆ.

ಉಪಕರಣದ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೀಳಾಗಿ ಕಾಣುವುದು ನನಗೆ ಬೇಸರದ ಸಂಗತಿ. ಸೂರ್ಯನ ಹೊರ ವಾತಾವರಣವನ್ನು ನೋಡುವ, ಇಸ್ರೋದ ಸೌರ ನೌಕೆ ಆದಿತ್ಯ-ಎಲ್1ರ ಮುಖ್ಯ ಉಪಕರಣವಾದ ವೆಲ್ಕ್ ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿ. 2024ರ ಜನವರಿ 1ರಂದು ಹಾರಿದ, ಎಕ್ಸ್-ಕಿರಣಗಳನ್ನು ಅಭ್ಯಸಿಸುವ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣವನ್ನು ಕಟ್ಟಿದವರು ರಾಮನ್ ಸಂಸ್ಥೆಯವರು. ಅದೇ ಸಂಸ್ಥೆಯನ್ನು 1972ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಸಿದ ವಿ. ರಾಧಾಕೃಷ್ಣನ್ ಮೈಸೂರು ವಿಶ್ವವಿದ್ಯಾಲಯದ ಪದವೀಧರರು. ರೇಡಿಯೋ ಉಪಕರಣಗಳನ್ನು ಕೈಯಾರೆ ಕಟ್ಟುತ್ತಲೇ ಅವರು ವೇಗವಾಗಿ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರಗಳಾದ ಪಲ್ಸಾರ್‌ಗಳ ಅಧ್ಯಯನದಲ್ಲಿ ಜಗತ್ತು ಒಪ್ಪುವ ಕೆಲಸ ಮಾಡಿದರು. ಓದಿ ಗಳಿಸಿದ ಪಿಎಚ್‌ಡಿ ಪದವಿ ಅವರಿಗೆ ಇರಲಿಲ್ಲ. ಇಂದು ಆ ಪದವಿಯಿಲ್ಲದೆ ದಾರಿಯಿಲ್ಲ. ಆದರೆ ಸಿದ್ಧಾಂತ ಬಲ್ಲವನಾಗಿದ್ದು ಪತ್ತೆಕಾರಕದ (ಡಿಟೆಕ್ಟರ್) ಮುಂದೆ ಕುಳಿತು ದೋಷ ಹುಡುಕಬಲ್ಲವನಿಗೆ ಇರುವ ಬೇಡಿಕೆ ಆಗಲೂ ಇತ್ತು, ಈಗಲೂ ಇದೆ. ಸರಳವಾಗಿ ಹೇಳಬೇಕೆಂದರೆ, ಒಂದೇ ಹುದ್ದೆಗೆ ಒಳ್ಳೆಯ ಪ್ರಬಂಧಗಳಿರುವ ನೂರು ಜನ ಸ್ಪರ್ಧಿಸುವಾಗ ‘ಈ ಕೆಲಸ ಇವರಿಗೆ ಗೊತ್ತು’ ಎಂದು ಹೇಳಿಸಿಕೊಳ್ಳುವ ಒಂದು ಕೈಕಸುಬು ನಿಮ್ಮಲ್ಲಿರಬೇಕು. ಅದು ರೋಹಿತಮಾಪನವಾಗಿರಬಹುದು, ದೊಡ್ಡ ದತ್ತಾಂಶಕ್ಕೆ ಪೈಥಾನ್‌ನಲ್ಲಿ ಬರೆಯುವ ತಂತ್ರಾಂಶವಾಗಿರಬಹುದು, ಗಣಕದಲ್ಲಿ ಗೆಲಾಕ್ಸಿಗಳನ್ನು ಕಟ್ಟಿ ನೋಡುವುದಾಗಿರಬಹುದು.

ಪಿಎಚ್‌ಡಿಯ ಕೊನೆಯ ವರ್ಷದಲ್ಲಿ ನಿಜವಾದ ಅರ್ಜಿಗಳ ಕಾಲ ಬರುತ್ತದೆ, ಮತ್ತು ಅದಕ್ಕೊಂದು ಋತುಮಾನವಿದೆ. ಅಮೆರಿಕದ ಖಗೋಳ ಸಂಘ ನಡೆಸುವ ಉದ್ಯೋಗ ಪಟ್ಟಿಯಲ್ಲಿ ಜಗತ್ತಿನ ಹೆಚ್ಚಿನ ಪೋಸ್ಟ್‌ಡಾಕ್ ಹುದ್ದೆಗಳು ಪ್ರಕಟವಾಗುತ್ತವೆ. ಸೆಪ್ಟೆಂಬರ್‌ನಿಂದ ಪಟ್ಟಿ ದಪ್ಪವಾಗತೊಡಗುತ್ತದೆ, ನವೆಂಬರ್, ಡಿಸೆಂಬರ್‌ಗಳಲ್ಲಿ ಕೊನೆಯ ದಿನಾಂಕಗಳು ಬೀಳುತ್ತವೆ, ಜನವರಿ, ಫೆಬ್ರುವರಿಯಲ್ಲಿ ಉತ್ತರಗಳು ಬರುತ್ತವೆ. ಹುದ್ದೆ ಕೊಡುವ ಅನೇಕ ಸಂಸ್ಥೆಗಳು ತಾವೇ ಮಾಡಿಕೊಂಡ ಒಪ್ಪಂದದ ಪ್ರಕಾರ ಫೆಬ್ರುವರಿ 15ಕ್ಕಿಂತ ಮೊದಲು ಉತ್ತರ ಕೊಡಲೇಬೇಕೆಂದು ಅಭ್ಯರ್ಥಿಯನ್ನು ಒತ್ತಾಯಿಸುವಂತಿಲ್ಲ. ಇದು ತಿಳಿಯದೆ ಮೊದಲ ಕರೆಗೇ ಗಾಬರಿಯಿಂದ ಒಪ್ಪಿಕೊಂಡವರಿದ್ದಾರೆ. ಕೆಲಸ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಆದ್ದರಿಂದ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ದಿನಕ್ಕಿಂತ ಒಂದು ವರ್ಷ ಮೊದಲೇ ಸಿದ್ಧತೆ ಮುಗಿದಿರಬೇಕು. ಇಲ್ಲಿ ತಪ್ಪಿದರೆ ಮುಂದಿನ ಋತುವಿನವರೆಗೆ ಸುಮ್ಮನೆ ಕಾಯಬೇಕಾಗುತ್ತದೆ.

ಅರ್ಜಿಗಳ ರಾಶಿಯನ್ನು ಓದುವವರ ಜಾಗದಲ್ಲಿ ನಾನೂ ಕುಳಿತಿದ್ದೇನೆ. ಸಂಶೋಧನಾ ಯೋಜನೆಯ ಮೊದಲ ಪುಟದಲ್ಲಿ ‘ಅನಾದಿ ಕಾಲದಿಂದ ಮಾನವನು ಆಕಾಶವನ್ನು ನೋಡುತ್ತಾ’ ಎಂದು ಆರಂಭವಾದರೆ, ಬರೆದವರು ಒಳ್ಳೆಯವರೇ ಇರಬಹುದು, ಆದರೆ ಆ ಪುಟ ವ್ಯರ್ಥವಾಯಿತು. ‘ಈ ಬಗೆಯ ಹದಿನಾಲ್ಕು ನಕ್ಷತ್ರಗಳಲ್ಲಿ ಲಿಥಿಯಂ ಹೆಚ್ಚಿದೆ, ಈಗಿರುವ ಎರಡು ವಿವರಣೆಗಳಲ್ಲಿ ಯಾವುದು ಸರಿಯೆಂದು ನಿಮ್ಮ ದೂರದರ್ಶಕದ ಆರು ರಾತ್ರಿಗಳಲ್ಲಿ ತೀರ್ಮಾನಿಸಬಹುದು’ ಎಂದು ಆರಂಭವಾದರೆ ನಾವು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇವೆ. ನಮ್ಮ ಗುಂಪಿನ ಕೆಲಸವನ್ನು ಓದಿಕೊಂಡು ಬರೆದದ್ದೋ, ಮೂವತ್ತು ಕಡೆಗೆ ಹೆಸರು ಬದಲಿಸಿ ಕಳಿಸಿದ್ದೋ ಎಂಬುದು ಎರಡನೆಯ ಪ್ಯಾರಾ ಮುಗಿಯುವಷ್ಟರಲ್ಲಿ ತಿಳಿದುಬಿಡುತ್ತದೆ. ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ. ಮೂರೂ ನಿಮ್ಮ ಸಂಸ್ಥೆಯವರದ್ದೇ ಆಗಿದ್ದರೆ ಅರ್ಜಿ ಸೊರಗುತ್ತದೆ. ಹೊರಗಿನವರೊಬ್ಬರು ನಿಮ್ಮ ಕೆಲಸವನ್ನು ಬಲ್ಲವರಾಗಿ ಬರೆಯಬೇಕು. ಅಂಥವರು ಕೊನೆಯ ವರ್ಷದಲ್ಲಿ ಹುಟ್ಟಿಕೊಳ್ಳುವುದಿಲ್ಲ. ಭಾರತೀಯ ಖಗೋಳ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಎರಡನೆಯ ವರ್ಷದಿಂದಲೇ ಹೋಗಿ, ಭಿತ್ತಿಪತ್ರದ ಮುಂದೆ ನಿಂತು, ಕೇಳಿದವರಿಗೆ ನಿಮ್ಮ ಕೆಲಸವನ್ನು ಮೂರು ನಿಮಿಷದಲ್ಲಿ ವಿವರಿಸುವುದನ್ನು ರೂಢಿಸಿಕೊಳ್ಳಿ. ಹೊರಗಿನವರ ಜೊತೆ ಒಂದು ಪ್ರಬಂಧವನ್ನಾದರೂ ಬರೆಯಿರಿ.

ಮರಳಿ ಬರುವುದೂ ಯೋಚಿಸಬೇಕಾದ ಮಾತು. ಇನ್‌ಸ್ಪೈರ್ ಫ್ಯಾಕಲ್ಟಿ, ರಾಮಾನುಜನ್ ಫೆಲೋಶಿಪ್‌ನಂಥ ಐದು ವರ್ಷದ ಯೋಜನೆಗಳು ಕಾಯಂ ಹುದ್ದೆಗೆ ಮೆಟ್ಟಿಲಾಗುತ್ತವೆ. ಅವುಗಳಿಗೆ ವಯೋಮಿತಿಯಿದೆ, ಅದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಹೊರದೇಶದಲ್ಲಿದ್ದಾಗ ವರ್ಷಕ್ಕೊಮ್ಮೆ ಊರಿಗೆ ಬರುವವರು ರಜೆಯ ಎರಡು ದಿನಗಳನ್ನು ಇಲ್ಲಿನ ಸಂಸ್ಥೆಯಲ್ಲಿ ಒಂದು ಉಪನ್ಯಾಸ ಕೊಡುವುದಕ್ಕೆ ತೆಗೆದಿಡುವುದು ಒಳ್ಳೆಯ ಪದ್ಧತಿ. ಇಲ್ಲಿನವರು ನಿಮ್ಮನ್ನು ಮರೆತಿರುವಾಗ ಬರುವ ಅರ್ಜಿಗೂ ನೆನಪಿರುವಾಗ ಬರುವ ಅರ್ಜಿಗೂ ವ್ಯತ್ಯಾಸವಿದೆ.

ಸಂಶೋಧನಾ ಸಂಸ್ಥೆಯ ಹುದ್ದೆ ಸಿಗದಿದ್ದರೆ ಏನು ಎಂಬುದನ್ನು ಸೋಲಿನ ಲೆಕ್ಕದಲ್ಲಿ ಇಡಬೇಡಿ. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಪಾಸಾಗಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ಮುಂದುವರಿಸುವವರಿಗಾಗಿ ಐಯುಕಾ ತನ್ನ ಅಸೋಸಿಯೇಟ್ ಯೋಜನೆಯನ್ನು ನಡೆಸುತ್ತಿದೆ: ವಿಶ್ವವಿದ್ಯಾಲಯ ಮತ್ತು ಕಾಲೇಜು ಅಧ್ಯಾಪಕರು ರಜೆಯಲ್ಲಿ ಅಲ್ಲಿಗೆ ಹೋಗಿ, ಅಲ್ಲಿನ ಗ್ರಂಥಾಲಯ, ಗಣಕ ಮತ್ತು ಜನರೊಂದಿಗೆ ಕೆಲಸ ಮಾಡಬಹುದು. ಕರ್ನಾಟಕದ ಕಾಲೇಜುಗಳಿಂದ ಹೀಗೆ ಬಂದು ಒಳ್ಳೆಯ ಪ್ರಬಂಧಗಳನ್ನು ಬರೆದವರ ಬಗ್ಗೆ ನನಗೆ ತುಂಬಾ ಗೌರವವಿದೆ, ಅವರು ವಾರಕ್ಕೆ ಹದಿನಾರು ಗಂಟೆ ಪಾಠದ ನಡುವೆ ಅದನ್ನು ಮಾಡಿದ್ದಾರೆ. ತಾರಾಲಯಗಳಲ್ಲಿ, ಇಸ್ರೋದ ಕೇಂದ್ರಗಳಲ್ಲಿ, ದತ್ತಾಂಶ ವಿಶ್ಲೇಷಣೆಯ ಕಂಪನಿಗಳಲ್ಲಿ ನಮ್ಮ ವಿದ್ಯಾರ್ಥಿಗಳು ಇದ್ದಾರೆ. ಅಲ್ಲಿಗೆ ಅವರನ್ನು ಕರೆದೊಯ್ದದ್ದು ಮೇಲೆ ಹೇಳಿದ ಆ ಕೈಕಸುಬೇ.

ಕೊನೆಯದಾಗಿ, ಈ ತಿಂಗಳು ನೀವು ಮಾಡಬೇಕಾದ ಕೆಲಸ. ಮಾರ್ಗದರ್ಶಕರಿಲ್ಲದಿದ್ದರೂ ಇದು ಆಗುತ್ತದೆ, ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಯುರೋಪಿನ ಗೈಯಾ ಉಪಗ್ರಹದ ಮೂರನೆಯ ದತ್ತಾಂಶ ಬಿಡುಗಡೆ 2022ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಅದರಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳ ಅಳತೆಯಿದೆ. ಅದರಿಂದ ಕೃತ್ತಿಕೆ ಎಂಬ ನಕ್ಷತ್ರಗುಚ್ಛದ ಸುತ್ತ ಎರಡು ಡಿಗ್ರಿಯೊಳಗಿನ ನಕ್ಷತ್ರಗಳನ್ನು ಇಳಿಸಿಕೊಳ್ಳಿ. ಆಕಾಶದಲ್ಲಿ ಅವು ಚಲಿಸುವ ವೇಗವನ್ನು ಒಂದು ನಕ್ಷೆಯಲ್ಲಿ ಚುಕ್ಕಿಯಿಟ್ಟರೆ, ಹಿನ್ನೆಲೆಯ ನಕ್ಷತ್ರಗಳ ದೊಡ್ಡ ಗುಂಪಿನಿಂದ ದೂರದಲ್ಲಿ, ಪೂರ್ವಕ್ಕೆ ವರ್ಷಕ್ಕೆ ಸುಮಾರು 20, ದಕ್ಷಿಣಕ್ಕೆ ಸುಮಾರು 45 ಸಹಸ್ರಾಂಶ ಆರ್ಕ್‌ಸೆಕೆಂಡಿನ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ) ಬಳಿ ಒಂದು ಚಿಕ್ಕ ದಟ್ಟ ಗುಂಪು ಕಾಣುತ್ತದೆ. ಅದೇ ಕೃತ್ತಿಕೆಯ ಕುಟುಂಬ. ಅವುಗಳನ್ನಷ್ಟೇ ಆರಿಸಿ ಬಣ್ಣ ಮತ್ತು ಕಾಂತಿಯ ನಕ್ಷೆ ಬರೆಯಿರಿ, ಲಂಬನದಿಂದ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಅತ್ತಿತ್ತ ಸರಿದಂತೆ ಕಾಣುವ ಕೋನದಿಂದ) ದೂರ ಕಂಡುಹಿಡಿಯಿರಿ. 135 ಪಾರ್ಸೆಕ್ (ಒಂದು ಪಾರ್ಸೆಕ್ ಎಂದರೆ ಸುಮಾರು 3.26 ಜ್ಯೋತಿರ್ವರ್ಷ) ಆಸುಪಾಸು ಬರಬೇಕು. ಬಂದ ಮೇಲೆ, ಗೈಯಾಗಿಂತ ಹಿಂದಿನ ಹಿಪ್ಪಾರ್ಕಸ್ ಉಪಗ್ರಹ ಅದೇ ದೂರವನ್ನು 120 ಪಾರ್ಸೆಕ್ ಎಂದು ಹೇಳಿ ಎರಡು ದಶಕ ಚರ್ಚೆಗೆ ಕಾರಣವಾದದ್ದೇಕೆ ಎಂಬುದನ್ನು ಓದಿಕೊಳ್ಳಿ. ನಿಮ್ಮ ಅಂಕಿಯಲ್ಲಿ ಎಷ್ಟು ದೋಷವಿರಬಹುದು, ಅದು ಎಲ್ಲಿಂದ ಬರುತ್ತದೆ ಎಂದು ಎರಡು ಪುಟ ಬರೆಯಿರಿ.

ಆ ನಕ್ಷೆ ಮತ್ತು ಆ ಎರಡು ಪುಟಗಳನ್ನು ನಿಮ್ಮ ವಿಭಾಗದ ಅಧ್ಯಾಪಕರೊಬ್ಬರಿಗೆ ತೋರಿಸಿ. ವಿಷಯ ಅವರದ್ದಲ್ಲದಿದ್ದರೂ ಅವರು ಅದನ್ನು ನೋಡಿಯೇ ನಿಮ್ಮ ಬಗ್ಗೆ ಬರೆಯಬೇಕು. ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಅರ್ಜಿ ಕರೆಯುತ್ತಾರೆ, ಒಂದು ಬರಹವನ್ನೂ ಅಧ್ಯಾಪಕರ ಶಿಫಾರಸನ್ನೂ ಕೇಳುತ್ತಾರೆ. ಖಭೌತ ಸಂಸ್ಥೆ ಮತ್ತು ರಾಮನ್ ಸಂಸ್ಥೆಯ ಸಂದರ್ಶಕ ವಿದ್ಯಾರ್ಥಿ ಯೋಜನೆಗಳಿಗೂ ಅದೇ ಎರಡು ಪುಟಗಳನ್ನು ಲಗತ್ತಿಸಿ ಬರೆಯಿರಿ. ಬೇಸಿಗೆಯಲ್ಲಿ ಎಲ್ಲಿಗೆ ಕರೆ ಬಂದರೂ ಹೋಗಿ, ಎರಡು ತಿಂಗಳು ಅಲ್ಲಿದ್ದು, ಮರಳಿ ಬಂದ ಮೇಲೆ ಈ ಕೆಲಸ ನಿಮಗೆ ಬೇಕೋ ಬೇಡವೋ ಎಂಬುದನ್ನು ತಂದೆಯವರ ಜೊತೆ ಕುಳಿತು ಮಾತಾಡಿ.